ನವೆಂಬರ್ 1: ಸಂತರ ದಿನ, ಗಡಿಗಳ ದಿನ



ನಮ್ಮ ಮನೆಗಳ ಗೋಡೆಯ ಮೇಲೆ ಸಾಮಾನ್ಯವಾಗಿ ಎರಡು ಕ್ಯಾಲೆಂಡರುಗಳು ತೂಗುತ್ತಿರುತ್ತವೆ. ಒಂದು ಧರ್ಮಕ್ಷೇತ್ರದಿಂದ ಬಂದದ್ದು. ಅದರಲ್ಲಿ ಸಂತರ ಹೆಸರುಗಳು, ಆಯಾ ದಿನದ ವಾಚನಗಳು, ಉಪವಾಸದ ದಿನಗಳು ಇರುತ್ತವೆ. ಇನ್ನೊಂದು ದಿನಸಿ ಅಂಗಡಿಯವರೋ ಜವಳಿ ಅಂಗಡಿಯವರೋ ಕೊಟ್ಟದ್ದು. ಅದರಲ್ಲಿ ಸರ್ಕಾರಿ ರಜೆ, ಅಮಾವಾಸ್ಯೆ, ಹುಣ್ಣಿಮೆಗಳಿರುತ್ತವೆ. ನವೆಂಬರ್ 1ನೆಯ ತಾರೀಕು ಬಂದಾಗ ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ಸಕಲ ಸಂತರ ಮಹೋತ್ಸವ. ಎರಡನೆಯದು ಬೆಂಗಳೂರಿನಲ್ಲಿ ಅಚ್ಚಾಗಿದ್ದರೆ ಕನ್ನಡ ರಾಜ್ಯೋತ್ಸವ, ಕೊಚ್ಚಿಯಲ್ಲಿ ಅಚ್ಚಾಗಿದ್ದರೆ ಕೇರಳ ಪಿರವಿ.

ವರ್ಷದ ಯಾವ ದಿನವನ್ನು ತೆಗೆದುಕೊಂಡರೂ ಅಂದು ಯಾರೋ ಹುಟ್ಟಿರುತ್ತಾರೆ, ಯಾರೋ ಸತ್ತಿರುತ್ತಾರೆ, ಎಲ್ಲೋ ಒಂದು ಯುದ್ಧವೋ ಒಪ್ಪಂದವೋ ಆಗಿರುತ್ತದೆ. ಹಾಗಿದ್ದರೂ ನವೆಂಬರ್ 1ನ್ನು ಇಲ್ಲಿ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಉಡುಮಲೈಪೇಟೆಯಲ್ಲಿ ಕುಳಿತು ಕನ್ನಡ ಓದುವ ಕುಟುಂಬಗಳ ಪಾಲಿಗೆ ಈ ದಿನ ಬರೀ ಚರಿತ್ರೆಯ ಪಾಠವಲ್ಲ. 1956ರ ಆ ದಿನ ಎಳೆದ ಒಂದು ಗೆರೆ ನಮ್ಮ ಹಳೆಯ ಜಿಲ್ಲೆಯನ್ನೇ ಎರಡು ರಾಜ್ಯಗಳಿಗೆ ಹಂಚಿತು. ಆ ಗೆರೆಯ ಕಥೆಗೆ ಬರುವ ಮೊದಲು ಈ ದಿನ ಹೊತ್ತಿರುವ ಇತರ ನೆನಪುಗಳನ್ನು ಒಂದೊಂದಾಗಿ ನೋಡೋಣ.

ಹೆಸರು ತಿಳಿಯದವರ ಹಬ್ಬ

ಆದಿ ಕ್ರೈಸ್ತರು ರಕ್ತಸಾಕ್ಷಿಗಳನ್ನು ಅವರು ಪ್ರಾಣ ಕೊಟ್ಟ ದಿನದಂದೇ, ಅವರ ಸಮಾಧಿಯ ಬಳಿಯೇ ಸೇರಿ ಸ್ಮರಿಸುತ್ತಿದ್ದರು. 4ನೆಯ ಶತಮಾನದ ಆರಂಭದಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ನಡೆಸಿದ ಹಿಂಸೆಯಲ್ಲಿ ಸತ್ತವರು ಎಷ್ಟೋ ಮಂದಿ. ಒಬ್ಬೊಬ್ಬರಿಗೂ ಒಂದೊಂದು ದಿನ ಮೀಸಲಿಡುವುದು ಸಾಧ್ಯವಾಗಲಿಲ್ಲ. ಹಲವರ ಹೆಸರುಗಳೇ ಉಳಿಯಲಿಲ್ಲ. ಹೀಗಾಗಿ ಎಲ್ಲರನ್ನೂ ಒಟ್ಟಿಗೆ ನೆನೆಯುವ ಪದ್ಧತಿ ಬೆಳೆಯಿತು. ಜಗದ್ಗುರು ನಾಲ್ಕನೆಯ ಬೋನಿಫಾಸ್‌ರವರು ರೋಮಿನ ಪ್ಯಾಂಥಿಯನ್ ಎಂಬ ಹಳೆಯ ದೇವಗುಡಿಯನ್ನು ಮಾತೆ ಮರಿಯಮ್ಮನವರಿಗೂ ಸಕಲ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಅದು 7ನೆಯ ಶತಮಾನದ ಆರಂಭ, ಮೇ 13ನೆಯ ದಿನ. ಮುಂದೆ 8ನೆಯ ಶತಮಾನದಲ್ಲಿ ಜಗದ್ಗುರು ಮೂರನೆಯ ಗ್ರೆಗೋರಿಯವರು ಸಂತ ಪೇತ್ರರ ಮಹಾದೇವಾಲಯದಲ್ಲಿ ಸಕಲ ಸಂತರಿಗಾಗಿ ಒಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿದರು. 835ರಲ್ಲಿ ಜಗದ್ಗುರು ನಾಲ್ಕನೆಯ ಗ್ರೆಗೋರಿಯವರ ಕಾಲದಲ್ಲಿ ನವೆಂಬರ್ 1ರ ಹಬ್ಬ ಫ್ರಾಂಕರ ಸಾಮ್ರಾಜ್ಯದಾದ್ಯಂತ ಹರಡಿತು.

ಪಟ್ಟಿಯಲ್ಲಿ ಹೆಸರಿರುವ ಸಂತರಿಗೆ ವರ್ಷದಲ್ಲಿ ಅವರದೇ ದಿನಗಳಿವೆ. ನವೆಂಬರ್ 1 ಮುಖ್ಯವಾಗಿ ಪಟ್ಟಿಯಲ್ಲಿ ಇಲ್ಲದವರಿಗಾಗಿ ಇರುವ ಹಬ್ಬ. ದನ ಕಾಯ್ದವರು, ನೂಲು ತೆಗೆದವರು, ಮಕ್ಕಳನ್ನು ಸಾಕಿ ಸದ್ದಿಲ್ಲದೆ ತೀರಿಹೋದ ಅಜ್ಜಿಯರು, ಇವರೆಲ್ಲ ಅದರೊಳಗೆ ಬರುತ್ತಾರೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ದೀಪ ಹಚ್ಚಿದ್ದ ಮುಂಜಾನೆ

ಈ ದಿನಕ್ಕೆ ಕಲೆಯ ಸಂಭ್ರಮವೂ ಇದೆ. 1508ರಿಂದ ನಾಲ್ಕು ವರ್ಷ ಅಟ್ಟಣಿಗೆಯ ಮೇಲೆ ನಿಂತು ಕತ್ತೆತ್ತಿ ದುಡಿದ ಮೈಕೆಲೇಂಜೆಲೋ ಸಿಸ್ಟೀನ್ ಪ್ರಾರ್ಥನಾಮಂದಿರದ ಒಳಮಾಳಿಗೆಯ ಚಿತ್ರಗಳನ್ನು ಮುಗಿಸಿದರು. ಜನ ಅವನ್ನು ಕಂಡದ್ದು 1512ರ ಸಕಲ ಸಂತರ ಹಬ್ಬದಲ್ಲಿ.

ಆದರೆ ಯುರೋಪಿನ ಜನ ಬಹುಕಾಲ ಮರೆಯದೆ ಉಳಿದದ್ದು 1755ರ ನವೆಂಬರ್ 1. ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್. ಬೆಳಿಗ್ಗೆ ಸುಮಾರು ಒಂಬತ್ತೂವರೆ ಗಂಟೆ. ಹಬ್ಬದ ಬಲಿಪೂಜೆಗೆ ದೇವಾಲಯಗಳು ತುಂಬಿದ್ದವು, ಪೀಠಗಳ ಮೇಲೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಆಗ ಭೂಮಿ ನಡುಗಿತು. ಕಲ್ಲಿನ ಕಮಾನುಗಳು ವಿಶ್ವಾಸಿಗಳ ಮೇಲೇ ಕುಸಿದವು. ಉಳಿದವರು ಬಯಲು ಸಿಕ್ಕೀತೆಂದು ನದಿಯ ದಡಕ್ಕೆ ಓಡಿದರು. ಸುಮಾರು 40 ನಿಮಿಷಗಳ ಬಳಿಕ ಸಮುದ್ರದ ನೀರು ಗೋಡೆಯಂತೆ ಎದ್ದು ಬಂದು ಆ ದಡವನ್ನೇ ನುಂಗಿತು. ಉರುಳಿದ ಬತ್ತಿಗಳಿಂದಲೂ ಒಲೆಗಳಿಂದಲೂ ಹತ್ತಿಕೊಂಡ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರ ಸಂಖ್ಯೆಯನ್ನು 30 ಸಾವಿರದಿಂದ 60 ಸಾವಿರದವರೆಗೂ ಅಂದಾಜು ಮಾಡುತ್ತಾರೆ. 2004ರ ಡಿಸೆಂಬರ್ 26ರಂದು, ಕ್ರಿಸ್ಮಸ್ಸಿನ ಮರುದಿನ, ನಾಗಪಟ್ಟಣ ಮತ್ತು ವೇಳಾಂಗಣ್ಣಿಯ ಕಡಲತೀರದಲ್ಲಿ ನಡೆದದ್ದನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಬ್ಬದ ದಿನವೇ, ದೇವಾಲಯದ ಒಳಗೇ ಹೀಗಾಯಿತಲ್ಲ ಎಂಬ ಪ್ರಶ್ನೆ ಆಗ ಎಲ್ಲರನ್ನೂ ಕಾಡಿತು. ಕೆಲವರು ಇದು ಪಾಪಕ್ಕೆ ದೇವರು ಕೊಟ್ಟ ದಂಡನೆ ಎಂದು ಸಾರಿದರು. ಫ್ರಾನ್ಸಿನ ವೋಲ್ಟೇರ್ ಈ ಬಗೆಯ ಸಮಾಧಾನಗಳನ್ನೆಲ್ಲ ಕಟುವಾಗಿ ಟೀಕಿಸಿದರು. ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಭೂಕಂಪಕ್ಕೆ ಪ್ರಕೃತಿಯಲ್ಲೇ ಕಾರಣ ಹುಡುಕಬೇಕೆಂದು ಲೇಖನಗಳನ್ನು ಬರೆದರು. ಪೋರ್ಚುಗಲ್ಲಿನ ಮಂತ್ರಿ, ಮುಂದೆ ಪೊಂಬಾಲ್ ಎಂದು ಹೆಸರಾದವನು, ದೇಶದ ಎಲ್ಲ ಧರ್ಮಕೇಂದ್ರಗಳಿಗೂ ಒಂದು ಪ್ರಶ್ನಾವಳಿಯನ್ನು ಕಳುಹಿಸಿದ. ನೆಲ ಎಷ್ಟು ಹೊತ್ತು ನಡುಗಿತು, ಎಷ್ಟು ಸಲ ನಡುಗಿತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಎಷ್ಟು ಜನ ಸತ್ತರು, ಯಾವ ಕಟ್ಟಡಗಳು ಬಿದ್ದವು ಎಂದೆಲ್ಲ ಅದರಲ್ಲಿ ಕೇಳಲಾಗಿತ್ತು. ಧರ್ಮಕೇಂದ್ರದ ಗುರುಗಳು ಕೂತು ಉತ್ತರ ಬರೆದರು. ಭೂಕಂಪ ವಿಜ್ಞಾನದ ಮೊದಲ ದಾಖಲೆಗಳೆಂದು ಇಂದು ವಿಜ್ಞಾನಿಗಳು ಓದುವುದು ಆ ಹಳ್ಳಿಯ ಗುರುಗಳ ಕೈಬರಹವನ್ನೇ.

ಆ ಭೂಕಂಪದ ಅಲೆ ನಮ್ಮ ಸೀಮೆಗೂ ಇನ್ನೊಂದು ದಾರಿಯಿಂದ ಬಂತು. ನಗರವನ್ನು ಮತ್ತೆ ಕಟ್ಟುವ ಕೆಲಸದಲ್ಲಿ ಪೊಂಬಾಲ್ ಅಪಾರ ಅಧಿಕಾರ ಗಳಿಸಿದ. ಯೇಸುಸಭೆಯವರ ಮೇಲಿನ ಅವನ ಹಗೆ ಬೆಳೆದು, 1759ರಲ್ಲಿ ಪೋರ್ಚುಗಲ್ಲಿನ ಆಡಳಿತ ಪ್ರದೇಶಗಳಿಂದೆಲ್ಲ ಅವರನ್ನು ಹೊರಹಾಕಲಾಯಿತು. 1773ರಲ್ಲಿ ಇಡೀ ಸಭೆಯೇ ರದ್ದಾಯಿತು. ಮೈಸೂರು ಸೀಮೆಯಲ್ಲೂ ಮದುರೈ ಸೀಮೆಯಲ್ಲೂ ದುಡಿಯುತ್ತಿದ್ದವರು ಯೇಸುಸಭೆಯ ಗುರುಗಳೇ. ಅವರಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಬರೆದವರೂ ಇದ್ದರು. 17ನೆಯ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಲಿಯೊನಾರ್ದೊ ಚಿನ್ನಮಿಯವರು ಅವರಲ್ಲೊಬ್ಬರು. ಹೊಸ ಗುರುಗಳು ಬರುವುದು ನಿಂತಿತು, ಇದ್ದವರು ಮುದುಕರಾಗಿ ತೀರಿಕೊಂಡರು. ಮುಂದೆ ಪ್ಯಾರಿಸಿನ ವಿದೇಶೀ ಧರ್ಮಪ್ರಚಾರ ಸಭೆಯ ಗುರುಗಳು ಆ ಹೊಣೆಯನ್ನು ಹೊತ್ತರು. ಕೊಯಮತ್ತೂರು 1850ರಲ್ಲಿ ಪ್ರತ್ಯೇಕ ಪ್ರೇಷಿತ ಪ್ರಾಂತ್ಯವಾಗಿ 1886ರಲ್ಲಿ ಧರ್ಮಕ್ಷೇತ್ರವಾದದ್ದು ಅವರ ಕಾಲದಲ್ಲೇ.

ಇನ್ನೊಂದು ವಿಚಿತ್ರ ಹೊಂದಿಕೆಯನ್ನು ಗಮನಿಸಿ. ಭೂಖಂಡಗಳು ಒಂದೇ ಕಡೆ ನೆಟ್ಟು ನಿಂತಿಲ್ಲ, ನಿಧಾನವಾಗಿ ಸರಿಯುತ್ತಿವೆ ಎಂದು ಹೇಳಿದ ಆಲ್ಫ್ರೆಡ್ ವೆಗೆನರ್ ಹುಟ್ಟಿದ್ದು 1880ರ ನವೆಂಬರ್ 1ರಂದು, ಬರ್ಲಿನ್ನಿನಲ್ಲಿ, ದೈವಶಾಸ್ತ್ರ ಬಲ್ಲ ಒಬ್ಬ ಉಪಾಧ್ಯಾಯರ ಮಗನಾಗಿ. 1912ರಲ್ಲಿ ಅವರು ಈ ಮಾತನ್ನು ಮಂಡಿಸಿದಾಗ ಹೆಚ್ಚಿನ ವಿಜ್ಞಾನಿಗಳು ಒಪ್ಪಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ನಡುವೆ ಸಂಶೋಧನೆಗೆ ಹೋಗಿದ್ದ ಅವರು ತಮ್ಮ 50ನೆಯ ಹುಟ್ಟುಹಬ್ಬದ ದಿನವಾದ ನವೆಂಬರ್ 1ರಂದೇ ಶಿಬಿರದಿಂದ ಹಿಂದಿರುಗಿ ಹೊರಟರು. ಕರಾವಳಿ ತಲುಪಲಿಲ್ಲ. ಅವರ ದೇಹ ಹಿಮದಲ್ಲಿ ಸಿಕ್ಕಿದ್ದು ಮುಂದಿನ ಮೇ ತಿಂಗಳಲ್ಲಿ. ಅವರ ಮಾತು ಸರಿಯೆಂದು ಲೋಕ ಒಪ್ಪಿದ್ದು 1960ರ ದಶಕದಲ್ಲಿ. ಲಿಸ್ಬನ್ ಏಕೆ ನಡುಗಿತು ಎಂಬುದಕ್ಕೆ ಉತ್ತರ ಸಿಕ್ಕಿದ್ದೂ ಅದೇ ದಾರಿಯಲ್ಲಿ.

ರಾಣಿಯ ಪ್ರಕಟಣೆ, ಮನುಷ್ಯನ ಬಾಂಬು

1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ಲಾರ್ಡ್ ಕ್ಯಾನಿಂಗ್ ವಿಕ್ಟೋರಿಯಾ ರಾಣಿಯ ಪ್ರಕಟಣೆಯನ್ನು ಓದಿದರು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮುಗಿಯಿತು, ಇಂಡಿಯಾ ನೇರವಾಗಿ ರಾಣಿಯ ಕೈಗೆ ಹೋಯಿತು. ಪ್ರಜೆಗಳ ಧರ್ಮದಲ್ಲಿ ಸರ್ಕಾರ ಕೈಹಾಕುವುದಿಲ್ಲ ಎಂಬ ಭರವಸೆಯೂ ಅದರಲ್ಲಿತ್ತು. ನಮ್ಮ ಕೊಯಮತ್ತೂರು ಸೀಮೆ ಕಂಪನಿಯ ಕೈಗೆ ಬಂದದ್ದು 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಮೇಲೆ. ಅದಕ್ಕೆ ಮೊದಲು ಸುಮಾರು ನೂರು ವರ್ಷ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಈ ಭಾಗದಲ್ಲಿ ಕನ್ನಡ ಕಿವಿಗೆ ಬಿದ್ದರೆ ಆಶ್ಚರ್ಯಪಡುವವರು ಈ ಹಳೆಯ ನಂಟನ್ನು ನೆನೆಯಬೇಕು.

ಇದೇ ತಾರೀಕಿಗೆ ಕಪ್ಪು ನೆನಪುಗಳೂ ಅಂಟಿಕೊಂಡಿವೆ. 1911ರ ನವೆಂಬರ್ 1ರಂದು ಇಟಲಿಯ ಗಾವೊಟ್ಟಿ ಎಂಬ ಸೈನ್ಯಾಧಿಕಾರಿ ಲಿಬಿಯದ ಮೇಲೆ ವಿಮಾನ ಹಾರಿಸುತ್ತಾ ನಾಲ್ಕು ಚಿಕ್ಕ ಬಾಂಬುಗಳನ್ನು ಕೈಯಿಂದಲೇ ಕೆಳಗೆಸೆದ. ವಿಮಾನದಿಂದ ಬಾಂಬು ಬಿದ್ದದ್ದು ಅದೇ ಮೊದಲು. ಕೇವಲ 41 ವರ್ಷಗಳ ನಂತರ, 1952ರ ಅದೇ ದಿನ, ಪೆಸಿಫಿಕ್ ಸಾಗರದ ಎನೆವೆಟಾಕ್ ದ್ವೀಪಸಮೂಹದಲ್ಲಿ ಅಮೆರಿಕ ತನ್ನ ಮೊದಲ ದೊಡ್ಡ ಹೈಡ್ರೋಜನ್ ಬಾಂಬನ್ನು ಸಿಡಿಸಿತು. ಅದರ ಶಕ್ತಿ ಒಂದು ಕೋಟಿ ಟನ್ ಸಿಡಿಮದ್ದಿಗೂ ಮಿಗಿಲು. ಎಲುಗೆಲಾಬ್ ಎಂಬ ಪುಟ್ಟ ದ್ವೀಪ ಭೂಪಟದಿಂದಲೇ ಅಳಿಸಿಹೋಯಿತು. ಶಸ್ತ್ರತ್ಯಾಗಕ್ಕಾಗಿ ಬದುಕಿಡೀ ದುಡಿದು 1959ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಇಂಗ್ಲೆಂಡಿನ ಫಿಲಿಪ್ ನೋಯೆಲ್ ಬೇಕರ್ ಹುಟ್ಟಿದ್ದೂ ನವೆಂಬರ್ 1ರಂದೇ, 1889ರಲ್ಲಿ. ದಿನಕ್ಕೆ ತನ್ನದೇ ಆದ ಒಳಿತೂ ಇಲ್ಲ, ಕೆಡುಕೂ ಇಲ್ಲ. ಒಳ್ಳೆಯ ಗಳಿಗೆ ಕೆಟ್ಟ ಗಳಿಗೆ ಎಂದು ಪಂಚಾಂಗ ಹುಡುಕುವವರು ಈ ಒಂದು ದಿನದ ಲೆಕ್ಕವನ್ನು ನೋಡಿದರೆ ಸಾಕು.

ಇಬ್ಬರು ಗುರುಗಳು

1945ರ ಸಕಲ ಸಂತರ ಹಬ್ಬ. ಯುದ್ಧ ಮುಗಿದು ಕೆಲವೇ ತಿಂಗಳಾಗಿತ್ತು. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಬೆಳಗಿನ ಬಲಿಪೂಜೆ ಅರ್ಪಿಸುತ್ತಾ, ಪ್ರಬೋಧನೆಯ ನಡುವೆಯೇ ಯೇಸುಸಭೆಯ ಸ್ವಾಮಿ ರೂಪರ್ಟ್ ಮೇಯರ್ ಪಾರ್ಶ್ವವಾಯುವಿಗೆ ತುತ್ತಾದರು. ಅದೇ ದಿನ ತೀರಿಕೊಂಡರು. ಮೊದಲ ಮಹಾಯುದ್ಧದಲ್ಲಿ ಸೈನಿಕರ ನಡುವೆ ಸೇವೆ ಮಾಡುತ್ತಾ ಒಂದು ಕಾಲನ್ನು ಕಳೆದುಕೊಂಡಿದ್ದವರು ಅವರು. ಹಿಟ್ಲರನ ಆಡಳಿತವನ್ನು ಪ್ರಬೋಧನೆಯಲ್ಲಿ ಬಹಿರಂಗವಾಗಿ ವಿರೋಧಿಸಿ ಸೆರೆಮನೆ, ಯಾತನಾ ಶಿಬಿರಗಳನ್ನು ಕಂಡವರು. 1987ರಲ್ಲಿ ಅವರನ್ನು ಧನ್ಯರ ಸಾಲಿಗೆ ಸೇರಿಸಿದವರು ಜಗದ್ಗುರು ಎರಡನೆಯ ಜಾನ್ ಪಾಲ್.

ಆ ಜಗದ್ಗುರುಗಳಿಗೂ ಇದೇ ತಾರೀಕು ಜೀವನದ ದೊಡ್ಡ ದಿನ. ಮೇಯರ್‌ರವರು ತೀರಿಕೊಂಡು ಸರಿಯಾಗಿ ಒಂದು ವರ್ಷಕ್ಕೆ, 1946ರ ನವೆಂಬರ್ 1ರಂದು, ಪೋಲೆಂಡಿನ ಕ್ರಾಕೋವ್ ನಗರದಲ್ಲಿ 26 ವರ್ಷದ ಕರೋಲ್ ವೊಯ್ತಿವಾ ಗುರುದೀಕ್ಷೆ ಪಡೆದರು. ಕಾರ್ಡಿನಲ್ ಸಪಿಯೆಹಾರವರ ಖಾಸಗಿ ಪ್ರಾರ್ಥನಾಮಂದಿರದಲ್ಲಿ ನಡೆದ ಸರಳ ಸಮಾರಂಭ ಅದು. ಮರುದಿನ ಸಕಲ ಮೃತರ ದಿನ. ತಮ್ಮ ಮೊದಲ ಬಲಿಪೂಜೆಗಳನ್ನು ವಾವೆಲ್ ಮಹಾದೇವಾಲಯದ ನೆಲಮಾಳಿಗೆಯಲ್ಲಿ ಅರ್ಪಿಸಿದರು. ಒಂಬತ್ತನೆಯ ವಯಸ್ಸಿಗೆ ಮುಂಚೆಯೇ ತಾಯಿಯನ್ನು ಕಳೆದುಕೊಂಡಿದ್ದರು, ನಂತರ ಅಣ್ಣನನ್ನು, ಯುದ್ಧದ ನಡುವೆ ತಂದೆಯನ್ನು. ಹೊಸ ಗುರುಗಳ ಮೊದಲ ಪೂಜೆಗೆ ಸಾಮಾನ್ಯವಾಗಿ ಮನೆಮಂದಿಯೆಲ್ಲ ಮುಂದಿನ ಸಾಲಿನಲ್ಲಿ ಕೂತಿರುತ್ತಾರೆ. ಅವರ ಮನೆಮಂದಿಯಲ್ಲಿ ಯಾರೂ ಉಳಿದಿರಲಿಲ್ಲ. ಆ ಪೂಜೆಗಳು ಆ ಮೂವರ ಆತ್ಮಗಳಿಗಾಗಿ. ಇದೇ ಜಗದ್ಗುರುಗಳು 1986ರ ಫೆಬ್ರವರಿ 6ರಂದು ಮಂಗಳೂರಿಗೂ ಬಂದಿದ್ದರು ಎಂಬುದು ಅನೇಕ ಹಿರಿಯರಿಗೆ ನೆನಪಿರಬಹುದು.

1950ರ ನವೆಂಬರ್ 1ರಂದು ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ಸಂತ ಪೇತ್ರರ ಚೌಕದಲ್ಲಿ ಸೇರಿದ್ದ ಜನಸಾಗರದ ಮುಂದೆ ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರವನ್ನು ವಿಶ್ವಾಸಸತ್ಯವೆಂದು ಸಾರಿದರು.

ಒಂದು ಜಿಲ್ಲೆ, ಎರಡು ರಾಜ್ಯ

ಈಗ ನಮ್ಮ ಊರಿಗೆ ಬರೋಣ. ಉಡುಮಲೈಪೇಟೆಯ ಬಸ್ ನಿಲ್ದಾಣದಲ್ಲಿ ನಿಂತರೆ ಒಂದು ಬಸ್ಸು ಪಶ್ಚಿಮಕ್ಕೆ ಪೊಳ್ಳಾಚಿಯ ಕಡೆ ಹೋಗುತ್ತದೆ, ಅಲ್ಲಿಂದ ಮುಂದೆ ಪಾಲಕ್ಕಾಡು. ಇನ್ನೊಂದು ದಕ್ಷಿಣಕ್ಕೆ ಚಿನ್ನಾರಿನ ಕಾಡು ದಾಟಿ ಮರಯೂರು, ಮುನ್ನಾರಿನ ಕಡೆ ಏರುತ್ತದೆ. ಉತ್ತರಕ್ಕೆ ತಿರುಪ್ಪೂರು, ಅದರಾಚೆ ಸತ್ಯಮಂಗಲದ ಘಟ್ಟ ಹತ್ತಿದರೆ ಮೈಸೂರಿನ ದಾರಿ. ಪೂರ್ವಕ್ಕೆ ಪಳನಿ. 1956ರ ಅಕ್ಟೋಬರ್ 31ರವರೆಗೆ ಪಾಲಕ್ಕಾಡು ಕೂಡ ಉಡುಮಲೈಪೇಟೆಯಂತೆಯೇ ಮದ್ರಾಸ್ ರಾಜ್ಯದಲ್ಲಿತ್ತು, ಮಲಬಾರ್ ಜಿಲ್ಲೆಯ ಭಾಗವಾಗಿ. ಮರುದಿನ ಬೆಳಗಾದಾಗ ಅದು ಕೇರಳ. ಮುನ್ನಾರು ಇರುವ ದೇವಿಕುಲಂ ತಾಲೂಕನ್ನು ತಮಿಳು ನಾಯಕರು ಕೇಳಿದ್ದರೂ ಅದು ಕೇರಳದಲ್ಲೇ ಉಳಿಯಿತು. ಅತ್ತ ಕನ್ಯಾಕುಮಾರಿಯ ನಾಲ್ಕು ತಾಲೂಕುಗಳು ಮದ್ರಾಸ್ ರಾಜ್ಯಕ್ಕೆ ಸೇರಿದವು.

ಇದಕ್ಕೆಲ್ಲ ಕಾರಣ ರಾಜ್ಯಗಳ ಪುನರ್ವಿಂಗಡಣಾ ಕಾಯ್ದೆ. ಫಜಲ್ ಅಲಿ, ಹೃದಯನಾಥ ಕುಂಜ್ರು, ಸರ್ದಾರ್ ಕೆ.ಎಂ. ಪಣಿಕ್ಕರ್ ಈ ಮೂವರ ಆಯೋಗ 1955ರ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಮುಂದಿನ ವರ್ಷ ಸಂಸತ್ತು ಕಾಯ್ದೆ ಮಾಡಿತು. ನವೆಂಬರ್ 1ರಂದು ಇಂಡಿಯಾ 14 ರಾಜ್ಯಗಳು, 6 ಕೇಂದ್ರಾಡಳಿತ ಪ್ರದೇಶಗಳ ದೇಶವಾಯಿತು. ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಮೈಸೂರು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರ ಬಹುಭಾಗ ಒಂದೇ ರಾಜ್ಯದಲ್ಲಿ ಸೇರಿತು. 1917ರಲ್ಲೇ ‘ಕರ್ನಾಟಕ ಗತವೈಭವ’ ಬರೆದು ಜನರಲ್ಲಿ ಈ ಆಸೆ ಮೂಡಿಸಿದ ಆಲೂರು ವೆಂಕಟರಾಯರು ಆ ದಿನವನ್ನು ಕಣ್ಣಾರೆ ಕಂಡರು. ಹೊಸ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ ಎಸ್. ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡರು. ಕನ್ನಡಿಗರಿಗೆ ಅದು ನಿಜವಾಗಿಯೂ ಹಬ್ಬ.

ಆದರೆ ಗೆರೆ ಎಳೆದಾಗ ಕೆಲವರು ಆಚೆ ಉಳಿಯುವುದು ತಪ್ಪದು. ನಮ್ಮ ಕೊಯಮತ್ತೂರು ಜಿಲ್ಲೆಯನ್ನೇ ನೋಡಿ. ಕೊಳ್ಳೇಗಾಲ ಅದರ ಉತ್ತರ ತುದಿಯ ತಾಲೂಕು, ಉಡುಮಲೈಪೇಟೆ ದಕ್ಷಿಣ ತುದಿಯ ತಾಲೂಕು. ಮಾದೇಶ್ವರ ಬೆಟ್ಟದ ಕೆಳಗಿನ ರೈತನೂ ತಿರುಮೂರ್ತಿ ಬೆಟ್ಟದ ಕೆಳಗಿನ ರೈತನೂ ಒಬ್ಬನೇ ಕಲೆಕ್ಟರಿಗೆ ಅರ್ಜಿ ಬರೆಯುತ್ತಿದ್ದರು. 1956ರ ನವೆಂಬರ್ 1ರಂದು ಕೊಳ್ಳೇಗಾಲ ಮೈಸೂರಿಗೆ ಹೋಯಿತು, ಉಡುಮಲೈಪೇಟೆ ಮದ್ರಾಸಿನಲ್ಲಿ ಉಳಿಯಿತು. ಜನರ ಮಾತು ಮಾತ್ರ ಈ ಗೆರೆಯನ್ನು ಅನುಸರಿಸಲಿಲ್ಲ. ಕೊಳ್ಳೇಗಾಲದ ಕಡೆ ಮಾರ್ಟಳ್ಳಿಯ ಸುತ್ತ ತಮಿಳು ಮಾತನಾಡುವ ಕಥೋಲಿಕ ಕುಟುಂಬಗಳು ಕನ್ನಡ ರಾಜ್ಯದೊಳಗಾದವು. ಇತ್ತ ಗೋಬಿಚೆಟ್ಟಿಪಾಳ್ಯ ತಾಲೂಕಿಗೆ ಸೇರಿದ್ದ ತಾಳವಾಡಿಯ ಕಡೆಯ ಕನ್ನಡ ಹಳ್ಳಿಗಳು, ಕೊಯಮತ್ತೂರು, ಪೊಳ್ಳಾಚಿ, ಉಡುಮಲೈಪೇಟೆಗಳ ಕನ್ನಡ ನುಡಿಯುವ ದೇವಾಂಗ ನೇಕಾರರು, ಒಕ್ಕಲಿಗರು, ಇತರ ಕುಟುಂಬಗಳು ತಮಿಳು ರಾಜ್ಯದಲ್ಲಿ ಉಳಿದವು. ಅತ್ತಲಿನವರು ಇತ್ತ, ಇತ್ತಲಿನವರು ಅತ್ತ. ಒಬ್ಬರ ಕಷ್ಟ ಇನ್ನೊಬ್ಬರಿಗೆ ಅರ್ಥವಾಗಬೇಕಾದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ಕಾಸರಗೋಡಿನ ನೋವು ಇನ್ನೂ ದೊಡ್ಡದು. ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಸೇರಿದಾಗ ಅದರ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಮಂಜೇಶ್ವರದ ಗೋವಿಂದ ಪೈಯವರಿಗೆ 1949ರಲ್ಲಿ ರಾಷ್ಟ್ರಕವಿ ಎಂಬ ಗೌರವ ಕೊಟ್ಟದ್ದು ಮದ್ರಾಸ್ ಸರ್ಕಾರ. ಪ್ರಭು ಯೇಸುವಿನ ಶಿಲುಬೆಯ ಮರಣವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯ ಬರೆದ ಆ ಹಿಂದೂ ಕವಿ, 1956ರ ಆ ಬೆಳಿಗ್ಗೆ ಮನೆಯಿಂದ ಹೊರಗೆ ಕಾಲಿಡದೆಯೇ ಕೇರಳದವರಾದರು. 1963ರಲ್ಲಿ ತೀರಿಕೊಂಡರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದ ಕವಿ ಕಯ್ಯಾರ ಕಿಞ್ಞಣ್ಣ ರೈಯವರು ನೂರು ವರ್ಷ ತುಂಬಿಸಿ 2015ರಲ್ಲಿ ಕಣ್ಮುಚ್ಚಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಬಹುದೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು, ಜಾರಿಯಾಗಲಿಲ್ಲ. ಧರ್ಮಸಭೆಯ ಗಡಿ ಮಾತ್ರ ಸರ್ಕಾರದ ಗಡಿಯ ಹಿಂದೆ ಹೋಗಲಿಲ್ಲ. ಕಾಸರಗೋಡಿನ ಲತೀನ್ ಧರ್ಮಕೇಂದ್ರಗಳು ಇಂದಿಗೂ ಮಂಗಳೂರು ಧರ್ಮಕ್ಷೇತ್ರಕ್ಕೇ ಸೇರಿವೆ.

ಗಡಿ ಬಿದ್ದ ಮೇಲೂ ನೀರನ್ನು ಹಂಚಿಕೊಳ್ಳಲು ನಾವು ಕಲಿತೆವು. ಆನೆಮಲೆಯ ಹೊಳೆಗಳ ನೀರನ್ನು ಸುರಂಗ, ಕಾಲುವೆಗಳ ಮೂಲಕ ತಿರುಮೂರ್ತಿ ಅಣೆಕಟ್ಟಿಗೆ ತಂದು ನಮ್ಮ ಹೊಲಗಳಿಗೆ ಬಿಡುವ ಪರಂಬಿಕುಳಂ ಆಳಿಯಾರ್ ಯೋಜನೆ ತಮಿಳುನಾಡು ಮತ್ತು ಕೇರಳ ಕೂಡಿ ಮಾಡಿಕೊಂಡದ್ದು. ಅದರ ಒಪ್ಪಂದಕ್ಕೆ 1970ರಲ್ಲಿ ಸಹಿ ಬಿತ್ತು. ಆಮೇಲೆ ತಕರಾರುಗಳು ಬಂದಿರಬಹುದು, ಆದರೂ ಕಾಲುವೆಯಲ್ಲಿ ನೀರು ಹರಿದಿದೆ.

ಹುಟ್ಟು, ಸಾವು, ಒಂದು ಸೆರೆ

1959ರ ನವೆಂಬರ್ 1ರಂದು ತಮಿಳು ಚಿತ್ರರಂಗದ ಮೊದಲ ಮಹಾತಾರೆ, ಗಾಯಕ ಎಂ.ಕೆ. ತ್ಯಾಗರಾಜ ಭಾಗವತರು ತೀರಿಕೊಂಡರು. 1944ರ ಅವರ ‘ಹರಿದಾಸ್’ ಮದ್ರಾಸಿನ ಒಂದೇ ಚಿತ್ರಮಂದಿರದಲ್ಲಿ ಮೂರು ದೀಪಾವಳಿ ಕಂಡಿತೆಂದು ಹಿರಿಯರು ಹೇಳುತ್ತಾರೆ. ಆಮೇಲೆ ಒಂದು ಕೊಲೆ ಮೊಕದ್ದಮೆಯಲ್ಲಿ ಸೆರೆವಾಸ, ಮೇಲ್ಮನವಿಯಲ್ಲಿ ಬಿಡುಗಡೆ. ಹಳೆಯ ವೈಭವ ಮಾತ್ರ ಮರಳಲಿಲ್ಲ.

1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, ಮೈಸೂರು ರಾಜ್ಯ ಕರ್ನಾಟಕ ಎಂಬ ಹೆಸರು ಪಡೆಯಿತು. ಅದೇ ದಿನ ಮಂಗಳೂರಿನಲ್ಲಿ ಹುಟ್ಟಿದ ಹೆಣ್ಣುಮಗುವೊಂದು 1994ರಲ್ಲಿ ವಿಶ್ವಸುಂದರಿ ಪಟ್ಟ ಗೆದ್ದ ಐಶ್ವರ್ಯಾ ರೈ.

2000ನೆಯ ಇಸವಿಯ ನವೆಂಬರ್ 1 ಕನ್ನಡಿಗರಿಗೆ ಕಳವಳದ ದಿನ. ಆಗ ಡಾ. ರಾಜ್‌ಕುಮಾರ್ ವೀರಪ್ಪನ್ನನ ಸೆರೆಯಲ್ಲಿದ್ದರು. ಗಾಜನೂರಿನ ಮನೆಯಿಂದ ಜುಲೈ 30ರ ರಾತ್ರಿ ಅವರನ್ನು ಹೊತ್ತೊಯ್ಯಲಾಗಿತ್ತು. ಬಿಡುಗಡೆಯಾದದ್ದು ನವೆಂಬರ್ 15ರಂದು, 108 ದಿನಗಳ ನಂತರ. ಗಾಜನೂರು ತಾಳವಾಡಿಯ ಕಡೆಯ ಊರು. 1929ರಲ್ಲಿ ರಾಜ್‌ಕುಮಾರ್ ಹುಟ್ಟಿದಾಗ ಅದು ಕೊಯಮತ್ತೂರು ಜಿಲ್ಲೆಯಲ್ಲಿತ್ತು, ಈಗ ಈರೋಡು ಜಿಲ್ಲೆಯಲ್ಲಿದೆ. ಕನ್ನಡದ ಆ ದೊಡ್ಡ ನಟ ಹುಟ್ಟಿದ ಊರು ಗೆರೆಯ ಈಚೆಗೇ ಉಳಿಯಿತು. ಉಡುಮಲೈಪೇಟೆಯೂ ರಾಜ್‌ಕುಮಾರರ ಗಾಜನೂರೂ ಅಂದು ಒಂದೇ ಜಿಲ್ಲೆಯವು.

ನವೆಂಬರ್ 1ರ ಇನ್ನಷ್ಟು ನೆನಪುಗಳು

1604: ಶೇಕ್ಸ್‌ಪಿಯರನ ‘ಒಥೆಲೋ’ ಲಂಡನ್ನಿನ ಅರಮನೆಯಲ್ಲಿ ಪ್ರದರ್ಶನ.
1611: ಅದೇ ಅರಮನೆಯಲ್ಲಿ ಅವನ ‘ದಿ ಟೆಂಪೆಸ್ಟ್’.
1954: ಪಾಂಡಿಚೇರಿ, ಕಾರೈಕಲ್, ಮಾಹೆ, ಯಾನಂಗಳ ಆಡಳಿತ ಫ್ರೆಂಚರಿಂದ ಇಂಡಿಯಾದ ಕೈಗೆ. ಕಾನೂನುಬದ್ಧ ಹಸ್ತಾಂತರ 1962ರಲ್ಲಿ.
1966: ಪಂಜಾಬಿನಿಂದ ಬೇರೆಯಾಗಿ ಹರಿಯಾಣ ರಾಜ್ಯ.
1993: ಯುರೋಪಿಯನ್ ಒಕ್ಕೂಟವನ್ನು ರೂಪಿಸಿದ ಮಾಸ್ಟ್ರಿಕ್ಟ್ ಒಪ್ಪಂದ ಜಾರಿ.
2000: ಮಧ್ಯಪ್ರದೇಶದಿಂದ ಛತ್ತೀಸ್‌ಗಢ ರಾಜ್ಯ.

ಮದ್ರಾಸ್ ರಾಜ್ಯಕ್ಕೆ ತಮಿಳುನಾಡು ಎಂಬ ಹೆಸರು ಬಂದದ್ದು 1969ರ ಜನವರಿ 14ರಂದು. ನವೆಂಬರ್ 1ನ್ನೇ ತಮಿಳುನಾಡು ದಿನವಾಗಿ ಕೆಲವು ಕಾಲ ಆಚರಿಸಿ, 2021ರಲ್ಲಿ ಸರ್ಕಾರ ಅದನ್ನು ಜುಲೈ 18ಕ್ಕೆ ಬದಲಿಸಿತು. ಹೆಸರು ಬದಲಾವಣೆಯ ನಿರ್ಣಯವನ್ನು 1967ರಲ್ಲಿ ವಿಧಾನಸಭೆ ಅಂಗೀಕರಿಸಿದ ದಿನ ಅದು.

ಅದೇ ದಿನ ಬಂದ ಇನ್ನೊಂದು ಕಾನೂನು

1956ರ ನವೆಂಬರ್ 1ರಂದು ಗೆರೆಗಳು ಮಾತ್ರ ಬರಲಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿಯದು. ಅದೇ ದಿನ ಸಂವಿಧಾನದ ಏಳನೆಯ ತಿದ್ದುಪಡಿಯೂ ಜಾರಿಗೆ ಬಂತು. ಗೆರೆಯ ಆಚೆಗೆ ಉಳಿಯುವವರನ್ನು ನೆನೆದೇ ಅದರಲ್ಲಿ ಎರಡು ವಿಧಿಗಳನ್ನು ಸೇರಿಸಿದ್ದರು. 350ಎ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ಪ್ರತಿಯೊಂದು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು. 350ಬಿ ವಿಧಿಯ ಪ್ರಕಾರ, ಭಾಷಾ ಅಲ್ಪಸಂಖ್ಯಾತರ ಹಕ್ಕುಗಳನ್ನು ಗಮನಿಸಲು ರಾಷ್ಟ್ರಪತಿಗಳು ಒಬ್ಬ ವಿಶೇಷಾಧಿಕಾರಿಯನ್ನು ನೇಮಿಸಬೇಕು. ತಾಳವಾಡಿಯ ಕಡೆ ಕನ್ನಡ ಶಾಲೆಗಳು ಉಳಿದಿರುವುದಕ್ಕೂ ಕಾಸರಗೋಡಿನಲ್ಲಿ ಮಕ್ಕಳು ಕನ್ನಡ ಮಾಧ್ಯಮದಲ್ಲಿ ಓದುತ್ತಿರುವುದಕ್ಕೂ ಇಂಥ ರಕ್ಷಣೆಯ ಆಸರೆ ಇದೆ.

ಆದರೆ ಯಾವ ವಿಧಿಯೂ ನಮ್ಮ ಅಡುಗೆಮನೆಯೊಳಗೆ ಬಂದು ಮಗುವಿನೊಡನೆ ಕನ್ನಡ ಮಾತನಾಡುವುದಿಲ್ಲ. ಉಡುಮಲೈಪೇಟೆಯಂಥ ಊರಿನಲ್ಲಿ ಬೀದಿಯ ಮಾತು ತಮಿಳು, ಶಾಲೆಯ ಮಾತು ತಮಿಳು ಅಥವಾ ಇಂಗ್ಲಿಷ್. ಅದರಲ್ಲಿ ತಪ್ಪೇನೂ ಇಲ್ಲ. ಅನ್ನ ಕೊಟ್ಟ ನೆಲದ ಭಾಷೆಯನ್ನು ಚೆನ್ನಾಗಿ ಕಲಿಯುವುದು ನಮ್ಮ ಕರ್ತವ್ಯ. ಆದರೆ ಮನೆಯಲ್ಲಿ ಉಳಿದ ಕನ್ನಡ ತಲೆಮಾರಿನಿಂದ ತಲೆಮಾರಿಗೆ ಸವೆಯುತ್ತಿದೆ. ಅಜ್ಜಿಗೆ ಜಪಸರದ ಪ್ರಾರ್ಥನೆಗಳೆಲ್ಲ ಕನ್ನಡದಲ್ಲಿ ಬರುತ್ತವೆ. ತಾಯಿಗೆ ಅರ್ಥವಾಗುತ್ತವೆ, ಓದಲು ಬರುವುದಿಲ್ಲ. ಮೊಮ್ಮಗನಿಗೆ ಅಜ್ಜಿ ಏನು ಹೇಳುತ್ತಿದ್ದಾರೆ ಎಂಬುದೇ ತಿಳಿಯುವುದಿಲ್ಲ. ಅಜ್ಜಿಯ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತು ಅವರಿಗೆ ಬೇಕಾದ ಪ್ರಾರ್ಥನೆಯನ್ನು ಅವರ ಮಾತಿನಲ್ಲೇ ಹೇಳಲು ಮನೆಯಲ್ಲಿ ಒಬ್ಬರೂ ಇಲ್ಲವಾದರೆ, ಆ ನಷ್ಟವನ್ನು ಯಾವ ಸರ್ಕಾರ ತುಂಬಿಕೊಡುತ್ತದೆ?

ಎರಡು ದಿನಗಳಲ್ಲಿ ಮಾಡಬಹುದಾದದ್ದು

ನವೆಂಬರ್ 1ರ ಮರುದಿನ ಸಕಲ ಮೃತರ ದಿನ. ಕುಟುಂಬ ಸಮೇತ ಸಮಾಧಿಗಳಿಗೆ ಹೋಗಿ, ಹುಲ್ಲು ಕಿತ್ತು, ಹೂವಿಟ್ಟು, ಬತ್ತಿ ಹಚ್ಚಿ ಬರುತ್ತೇವೆ. ಈ ವರ್ಷ ಅದರ ಜೊತೆಗೆ ಒಂದು ಚಿಕ್ಕ ಕೆಲಸ ಮಾಡೋಣ. ಹಬ್ಬದ ಸಂಜೆ ಮಕ್ಕಳ ಕೈಗೆ ಒಂದು ನೋಟುಬುಕ್ಕು ಕೊಡಿ. ಅಜ್ಜ ಅಜ್ಜಿಯರನ್ನು, ದೊಡ್ಡಪ್ಪ ದೊಡ್ಡಮ್ಮಂದಿರನ್ನು ಪಕ್ಕದಲ್ಲಿ ಕೂರಿಸಿ. ಅವರಿಗೆ ನೆನಪಿರುವಷ್ಟು ಹಿಂದಿನವರ ಹೆಸರುಗಳನ್ನು ಬರೆಸಿ. ಹೆಸರಿನ ಪಕ್ಕದಲ್ಲಿ ಊರು, ಮಾಡುತ್ತಿದ್ದ ಕೆಲಸ, ಆಡುತ್ತಿದ್ದ ಮಾತು. ಯಾರು ಯಾವ ಊರಿನಿಂದ ಬಂದವರು, ಯಾರ ತವರು ಕೊಳ್ಳೇಗಾಲ, ಯಾರದು ಧಾರಾಪುರ, ಯಾರು ಮಗ್ಗ ನೇಯ್ದವರು, ಯಾರು ನೂಲಿನ ಗಿರಣಿಗೆ ಹೋದವರು, ಎಲ್ಲವೂ ಬರಲಿ. ಇನ್ನೊಂದು ಹಾಳೆಯಲ್ಲಿ ಅಜ್ಜಿ ಹೇಳುವ ಒಂದು ಪ್ರಾರ್ಥನೆಯನ್ನು ಅವರು ಹೇಳಿದಂತೆಯೇ ಬರೆಸಿ. ಕನ್ನಡ ಅಕ್ಷರ ಬಾರದ ಮಗು ಸದ್ಯಕ್ಕೆ ತಮಿಳು ಅಕ್ಷರದಲ್ಲೇ ಬರೆದುಕೊಳ್ಳಲಿ, ಆಮೇಲೆ ವಾರಕ್ಕೆ ಐದು ಅಕ್ಷರದಂತೆ ಕಲಿಸಿದರೆ ಮುಂದಿನ ಹಬ್ಬದ ಹೊತ್ತಿಗೆ ಅದೇ ಪ್ರಾರ್ಥನೆಯನ್ನು ಕನ್ನಡದಲ್ಲಿ ಓದಬಹುದು.

ನಮ್ಮ ನೆರೆಯಲ್ಲಿ ಬೇರೆ ಮಾತಿನ ಕುಟುಂಬವಿದ್ದರೆ ಅವರಿಗೂ ಇದನ್ನು ಹೇಳಿ. ಮಾರ್ಟಳ್ಳಿಯ ತಮಿಳು ಅಜ್ಜಿಗೂ ಇದೇ ಸಂಕಟವಿದೆ, ಮೊಮ್ಮಕ್ಕಳಿಗೆ ಅವರ ತಮಿಳು ಪ್ರಾರ್ಥನೆ ಉಳಿಯಬೇಕು. ನಮ್ಮ ಮಾತಿಗೆ ನಾವು ಬಯಸುವ ಗೌರವವನ್ನು ಅವರ ಮಾತಿಗೂ ಕೊಡೋಣ.

ರೋಮಿನ ಪಟ್ಟಿಗಳಲ್ಲಿ ನಮ್ಮ ಹಿರಿಯರ ಹೆಸರಿಲ್ಲ, ರಾಜ್ಯೋತ್ಸವದ ಭಾಷಣಗಳಲ್ಲೂ ಇಲ್ಲ. ಮನೆಯ ನೋಟುಬುಕ್ಕಿನಲ್ಲಿ ಬರೆಯಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಬರೆದ ಆ ಹೆಸರುಗಳನ್ನು ನವೆಂಬರ್ 2ರ ಬಲಿಪೂಜೆಯ ಮೊದಲು ಮಕ್ಕಳೇ ಗಟ್ಟಿಯಾಗಿ ಓದಲಿ.

ಎಲ್ಲ ಕುಟುಂಬಗಳಿಗೂ ಸಕಲ ಸಂತರ ಹಬ್ಬದ ಶುಭಾಶಯಗಳು.